ಕದಿರಮ್ಮನ ಅಂಗೈ

"ಬಲವಂತ ಮಾಡ್ಬೇಡ ಕಣವ್ವ, ಬೆರಳು ಸೆಟೆದ್ಬಿಟ್ಟವೆ," ಎಂದಳು ಪಕ್ಕದ ಮನೆಯ ಮುನಿಗಂಗಮ್ಮ, ಹೆಣದ ಪಾದಗಳ ಮೇಲೆ ಚೊಂಬಿನಿಂದ ನೀರು ಸುರಿಯುತ್ತ.

ಮುನಿರತ್ನಮ್ಮ ಕೇಳಲಿಲ್ಲ. ಹಿತ್ತಲಿನ ಚಪ್ಪಡಿಯ ಮೇಲೆ ಮಲಗಿಸಿದ್ದ ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಗೆ ಸೀಗೆಪುಡಿ ಹಚ್ಚಿ ತೊಳೆದಳು. ಎರಡು ಅಂಗೈಗಳ ನಡುವೆಯೂ ಬಿಲ್ಲೆಯಗಲದ ಸುಟ್ಟ ಕಲೆ. ಅಲ್ಲಿ ಚರ್ಮ ಸುಕ್ಕುಗಟ್ಟಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು.

ಗೋಡೆಯಾಚೆ ಮಗ್ಗಗಳು ಆಡುತ್ತಲೇ ಇದ್ದವು.

"ಹೆಣ ಮನೇಲಿರೋವಾಗ ಮಗ್ಗ ಆಡಿಸ್ತಾರಾ ಅತ್ತೆ?"

"ನಿಮ್ಮ ದೊಡ್ಡಪ್ಪನ್ನ ಕೇಳು. ನಾಳೆ ಬೆಂಗ್ಳೂರಿಗೆ ಸೀರೆ ಹೋಗ್ಲೇಬೇಕಂತೆ."

ದೊಡ್ಡಬಳ್ಳಾಪುರದ ಆ ಕೇರಿಯಲ್ಲಿ ಕದಿರಮ್ಮ ಇಪ್ಪತ್ತೈದು ವರ್ಷ ರೇಷ್ಮೆಯೆಳೆ ಸುತ್ತಿದವಳು. ಮನೆ, ಮಗ್ಗ, ಮಾತು ಎಲ್ಲ ಗಂಡನ ಅಣ್ಣ ಬಚ್ಚಪ್ಪನದು. ಗಂಡ ಲಕ್ಷ್ಮಣಪ್ಪ ಅಣ್ಣನ ಮುಂದೆ ಒಂದು ದಿನವೂ ತಲೆಯೆತ್ತಿ ಮಾತಾಡಿದವನಲ್ಲ. ಮೂರು ಚಳಿಗಾಲ ಒದ್ದೆ ನೆಲದಲ್ಲಿ ಕೂತು ದುಡಿದ ಕದಿರಮ್ಮನಿಗೆ ಎದೆ ಕಟ್ಟಿತು. ನಿನ್ನೆ ಸಂಜೆ ಕೆಮ್ಮುತ್ತ ಕೆಮ್ಮುತ್ತ ಉಸಿರು ನಿಂತಿತು. ದೇವನಹಳ್ಳಿಗೆ ಮದುವೆಯಾಗಿ ಹೋಗಿದ್ದ ಒಬ್ಬಳೇ ಮಗಳು ಮುನಿರತ್ನಮ್ಮ ಬೆಳಿಗ್ಗೆ ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಬಂದಿಳಿದಿದ್ದಳು.

ಹೆಣವನ್ನು ಪಡಸಾಲೆಗೆ ತಂದು ಗೋಡೆಗೊರಗಿಸಿ ಕೂರಿಸಿದರು. ಮುನಿರತ್ನಮ್ಮ ತಾಯಿಯ ಕೈಗಳನ್ನು ಸೆರಗಿನೊಳಗೆ ಸೇರಿಸುವಷ್ಟರಲ್ಲಿ ಬಚ್ಚಪ್ಪ ಒಳಗೆ ಬಂದ. ಅವನ ಹಿಂದೆ ಬಂದವನನ್ನು ನೋಡಿ ಅವಳು ಸೆರಗನ್ನು ಆ ಕೈಗಳ ಮೇಲೆ ಇನ್ನಷ್ಟು ಎಳೆದಳು. ಮಂತ್ರವಾದಿ ದೊಡ್ಡಮುನಿಯಪ್ಪ. ಹಣೆಯ ತುಂಬ ಕುಂಕುಮ, ಬಾಯ ತುಂಬ ಎಲೆಯಡಿಕೆ.

"ಕೈ ಮುಚ್ಬೇಡ ಮಗಾ, ಜನ ನೋಡ್ಲಿ," ಎಂದ ಬಚ್ಚಪ್ಪ. "ಎಂಥ ಕೈ ಅದು! ಎಳೆ ತಾನಾಗೇ ಎದ್ದು ಬರ್ತಿತ್ತು. ಅಮ್ಮನೋರು ಅದ್ರಾಗೆ ಕುಂತಿದ್ರು. ನಾವು ಪಾಪಿಗಳು, ತಿಳೀಲಿಲ್ಲ."

ದೊಡ್ಡಮುನಿಯಪ್ಪ ಹೆಣದ ಕೈಗಳನ್ನು ಹೊರಗೆಳೆದು ತೊಡೆಯ ಮೇಲೆ ಬಿಚ್ಚಿಟ್ಟ. ಕಲೆಗಳ ಮೇಲೆ ಅರಿಶಿನ ಹಚ್ಚಿದ. ಅವನ ಹೆಬ್ಬೆರಳಿನ ಉಗುರಿನ ಸಂದಿನಲ್ಲಿ ಸುಣ್ಣ ಕಟ್ಟಿತ್ತು.

"ಇದು ಅಮ್ಮನ ಮುದ್ರೆ," ಎಂದು ಕೂಗಿದ. "ಒಬ್ಬೊಬ್ಬರಾಗಿ ಬಂದು ಕಣ್ಣಿಗೊತ್ಕೊಳ್ರವ್ವಾ."

ಹೆಂಗಸರು ಸಾಲುಗಟ್ಟಿದರು.

*

ಮೂರು ವರ್ಷದ ಹಿಂದಿನ ಮಾತು, ಆಗ ಯುದ್ಧ ನಡೆಯುತ್ತಿತ್ತು. ಒಳ್ಳೆಯ ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗಿ, ನೇಯುವವರ ಕೈಗೆ ಸಿಕ್ಕುತ್ತಿದ್ದದ್ದು ಅಷ್ಟಿಷ್ಟು. ಒಂದು ಎಳೆ ಸಿಕ್ಕುಗಟ್ಟಿದರೂ ಬಚ್ಚಪ್ಪ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ. ಆ ವರ್ಷದ ಮಾಘದಲ್ಲಿ ಗಾಳಿ ಒಣಗಿ ತುಟಿಗಳೆಲ್ಲ ಒಡೆದಿದ್ದವು. ಕದಿರಮ್ಮ ರಾಟೆ ತಿರುಗಿಸಿದರೆ ಎಳೆಗಳು ಒಂದರಿಂದೊಂದು ದೂರ ಸಿಡಿದು, ಗಾಳಿಯಲ್ಲಿ ಎದ್ದು, ಅವಳ ಮೊಣಕೈಗೆ, ಕೆನ್ನೆಗೆ ಅಂಟಿಕೊಳ್ಳತೊಡಗಿದವು. ಬಿಡಿಸಿದಷ್ಟೂ ಸಿಕ್ಕು. ಅವಳಷ್ಟು ವೇಗವಾಗಿ ಎಳೆ ಸುತ್ತುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಬೇರೆ ಯಾರಿಗೂ ಅಷ್ಟು ಅಂಟುತ್ತಿರಲಿಲ್ಲ.

ಮೂರನೆಯ ದಿನ ಬಚ್ಚಪ್ಪ ದೊಡ್ಡಮುನಿಯಪ್ಪನನ್ನು ಕರೆತಂದ.

"ನೀರಿಗೆ ಬಿದ್ದು ಸತ್ತ ಹೆಣ್ಣಿನ ದೆವ್ವ ಇದು. ಕೈನಾಗೆ ಕುಂತದೆ," ಎಂದ ಅವನು.

"ಮಳೆಗಾಲದಾಗೆ ಹಿಂಗಾಗಲ್ಲ ಸ್ವಾಮಿ," ಎಂದಳು ಕದಿರಮ್ಮ. "ನೆಲ ಸಾರಿಸಿದ ದಿವ್ಸಾನೂ ಆಗಲ್ಲ. ನಾನು ಕಣ್ಣಾರೆ ನೋಡೀನಿ. ನೀರಿಗೆ ಬಿದ್ದ ದೆವ್ವ ನೀರು ಕಂಡ್ರೆ ಯಾಕೆ ಹೋಗ್ತದೆ?"

ಅವನು ಬೇವಿನ ಬರಲಿನಿಂದ ಅವಳ ಬಾಯಿಯ ಮೇಲೆ ಹೊಡೆದ. "ನೋಡಿ, ದೆವ್ವ ಹೆಂಗೆ ವಾದ ಮಾಡ್ತದೆ!"

ಆಗ ಮುನಿರತ್ನಮ್ಮನಿಗೆ ಹದಿನಾಲ್ಕು. ಸಾಂಬ್ರಾಣಿಗೆ ಕೆಂಡ ತಾ ಎಂದರು. ಒಲೆಯಿಂದ ಮೊಗೆದು ತಂದುಕೊಟ್ಟಳು. ದೊಡ್ಡಮುನಿಯಪ್ಪ ಆ ಕೆಂಡದ ಮೇಲೆ ಎರಡು ತಾಮ್ರದ ಬಿಲ್ಲೆ ಇಟ್ಟ. ಬಚ್ಚಪ್ಪ, "ಹಿಡ್ಕೊಳೋ," ಎಂದ. ಲಕ್ಷ್ಮಣಪ್ಪ ಹೆಂಡತಿಯ ಮೊಣಕೈಗಳನ್ನು ಹಿಂದಿನಿಂದ ಹಿಡಿದುಕೊಂಡ. ಬಿಗಿಯಾಗಿಯೇ ಹಿಡಿದುಕೊಂಡ. ಸುಟ್ಟ ವಾಸನೆ ಎರಡು ದಿನ ಮನೆಯಲ್ಲಿತ್ತು. ಅವತ್ತು ಅಡುಗೆಯಾಯಿತು, ಎಲ್ಲರೂ ಉಂಡರು.

*

ಗಾಯ ಮಾಯ್ದ ಮೇಲೂ ಎಳೆ ಏಳುವುದು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಕದಿರಮ್ಮ ಮಗಳನ್ನು ಕರೆದುಕೊಂಡು ಮಿಡ್ಲಿಸ್ಕೂಲಿನ ಅಪ್ಪಯ್ಯಣ್ಣ ಮೇಷ್ಟ್ರ ಮನೆಯ ಹಿತ್ತಲಿಗೆ ಹೋದಳು. ಮೇಷ್ಟ್ರು ಎಲ್ಲ ಕೇಳಿ, ಜೇಬಿನ ಬಾಚಣಿಗೆಯನ್ನು ತಲೆಗೆ ನಾಲ್ಕು ಸಲ ಉಜ್ಜಿ, ಹರಿದ ಕಾಗದದ ಚೂರುಗಳ ಮೇಲೆ ಹಿಡಿದರು. ಚೂರುಗಳು ಪಟಪಟನೆ ಎದ್ದು ಅಂಟಿದವು.

"ಇದು ವಿದ್ಯುತ್ತು ಕಣಮ್ಮ. ಉಜ್ಜಿದ್ರೆ ಹುಟ್ಟುತ್ತೆ. ಒಂದೇ ತರದ್ದು ಎರಡು ಹತ್ರ ಬಂದ್ರೆ ದೂಡಿಕೊಳ್ತವೆ, ಬೇರೆ ತರದ್ದಾದ್ರೆ ಸೆಳ್ಕೊಳ್ತವೆ. ನಿನ್ನ ಎಳೆಗಳೆಲ್ಲ ಒಂದೇ ತರ ಉಜ್ಜಿಸ್ಕೊಂಡು ಬರ್ತವೆ. ಅದಕ್ಕೇ ಒಂದನ್ನೊಂದು ದೂಡ್ತವೆ. ಗಾಳೀಲಿ ತೇವ ಇದ್ರೆ ಅದು ನಿಲ್ಲದೆ ಹೋಗ್ಬಿಡುತ್ತೆ."

ಕದಿರಮ್ಮ ಬಗ್ಗಿ ನೋಡಿದಳು. "ಚೂರು ಕೆಳಕ್ಕೆ ಬೀಳ್ಬೇಕಲ್ವಾ ಮೇಷ್ಟ್ರೇ?"

"ಭೂಮಿ ಎಳೀತಾನೇ ಇದೆ. ಇಷ್ಟು ದೊಡ್ಡ ಭೂಮಿ, ಚಂದ್ರನ್ನೇ ಬಿಡದೆ ಸುತ್ತಿಸ್ಕೊಳ್ಳೋ ಭೂಮಿ. ಆದ್ರೂ ಇಷ್ಟುದ್ದದ ಬಾಚಣಿಗೆ ಗೆಲ್ತು ನೋಡು."

ತಾಯಿ ಅಷ್ಟು ಜೋರಾಗಿ ನಕ್ಕದ್ದನ್ನು ಮುನಿರತ್ನಮ್ಮ ಮೊದಲು ನೋಡಿರಲಿಲ್ಲ. ನಕ್ಕು ಮುಗಿದ ಮೇಲೆ ಕದಿರಮ್ಮ ಅಂಗೈ ಚಾಚಿದಳು. "ನೀವೇ ಬಂದು ನಮ್ಮ ಬಾವನೋರಿಗೆ ಹೇಳ್ಬೇಕು. ನಾನು ಹೇಳಿದ್ರೆ ದೆವ್ವ ಮಾತಾಡ್ತು ಅಂತಾರೆ."

ಮೇಷ್ಟ್ರು ಬರುತ್ತೇನೆಂದರು, ಬಂದರು ಕೂಡ. ಬಚ್ಚಪ್ಪ ಕಾಫಿ ಕೊಡಿಸಿದ. ಸ್ಕೂಲು ಕಮಿಟಿಗೆ ತಾನು ಸೇರಿದ ಸುದ್ದಿ ಹೇಳಿದ. ಜರಿ ಅಂಚಿನ ಶಲ್ಯ ಹೊದಿಸಿದ. ಕದಿರಮ್ಮ ಬಾಗಿಲ ಮರೆಯಲ್ಲಿ ನಿಂತೇ ಇದ್ದಳು. ಮೇಷ್ಟ್ರು ಈ ಸಲದ ಬಿಸಿಲಿನ ವಿಷಯ ಮಾತಾಡಿ, ಶಲ್ಯ ಮಡಚಿಕೊಂಡು ಹೋದರು.

ಮಾರನೆಯ ದಿನದಿಂದ ಕದಿರಮ್ಮ ಯಾರಿಗೂ ಹೇಳದೆ ನೆಲಕ್ಕೆ ನೀರು ಹೊಯ್ದು, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಆ ತಣ್ಣನೆ ಕೆಸರಿನಲ್ಲೇ ಕೂತು ಎಳೆ ಸುತ್ತಿದಳು. ಎಳೆ ತೆಪ್ಪಗೆ ರಾಟೆಗೆ ಬಂತು. ಗೋಣಿಯ ಉಪಾಯ ತನ್ನದೆಂದು ಬಚ್ಚಪ್ಪ ಕೇರಿಯ ಬೇರೆ ನೇಕಾರರಿಗೆ ಹೇಳಿಕೊಟ್ಟ.

*

ಸಾಲು ಮುಗಿಯುವಂತಿರಲಿಲ್ಲ. ಒಬ್ಬಳು ಹೆಣದ ಅಂಗೈಯನ್ನು ತನ್ನ ಮಗುವಿನ ತಲೆಯ ಮೇಲಿಟ್ಟಳು. ಇನ್ನೊಬ್ಬಳು ಕಲೆಯ ಅರಿಶಿನವನ್ನು ಕೆರೆದು ನಾಲಿಗೆಗೆ ಹಚ್ಚಿಕೊಂಡಳು. ಎಳೆ ಸುತ್ತುತ್ತಿದ್ದ ಕೋಣೆಯಲ್ಲೇ ಗುಡಿ ಕಟ್ಟಿಸುತ್ತೇನೆ, ದೊಡ್ಡಮುನಿಯಪ್ಪನೇ ಪೂಜೆಗೆ ಇರಲಿ ಎಂದು ಬಚ್ಚಪ್ಪ ಹೇಳುತ್ತಿದ್ದ. ಮೂಲೆಯಲ್ಲಿ ಲಕ್ಷ್ಮಣಪ್ಪ ಮಂಡಿ ಅಪ್ಪಿಕೊಂಡು ಕೂತಿದ್ದ.

ಮುನಿರತ್ನಮ್ಮ ಎದ್ದು ನಿಂತಳು.

"ಅದು ಮುದ್ರೆ ಅಲ್ಲ, ಬರೆ. ಈ ಮನುಷ್ಯ ಹಾಕಿದ್ದು. ಕೆಂಡ ತಂದ್ಕೊಟ್ಟೋಳು ನಾನು. ಅಪ್ಪ, ನೀನು ಹಿಡ್ಕೊಂಡಿದ್ದೆ. ಹೇಳು."

ಲಕ್ಷ್ಮಣಪ್ಪ ಅಣ್ಣನ ಕಡೆ ನೋಡಿದ.

"ಮೇಷ್ಟ್ರೇ, ನೀವಾದ್ರೂ ಹೇಳಿ. ಅವತ್ತು ಅಮ್ಮಂಗೆ ಏನು ಹೇಳಿದ್ರಿ?"

ಬಾಗಿಲ ಬಳಿ ನಿಂತಿದ್ದ ಅಪ್ಪಯ್ಯಣ್ಣ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ... ಸೈನ್ಸು ಅನ್ನೋದೂ ಒಂದು ಶಕ್ತೀನೇ. ಅದಕ್ಕೂ ಮೇಲೆ ಒಂದು ಶಕ್ತಿ ಇದ್ದೇ ಇರುತ್ತೆ."

"ಕೇಳಿದ್ರಾ!" ಎಂದ ಬಚ್ಚಪ್ಪ. "ಓದಿದೋರ ಬಾಯಿಂದಾನೇ ಬಂತು."

ಮುನಿರತ್ನಮ್ಮ ಗೂಟಕ್ಕೆ ತೂಗುಹಾಕಿದ್ದ ರೇಷ್ಮೆ ಲಡಿಯನ್ನು ಎಳೆದು ಬಿಚ್ಚಿದಳು. ನೆತ್ತಿಯ ಮೇಲಿನ ಬಿಸಿಲಿಗೆ ಪಡಸಾಲೆ ಕಾದಿತ್ತು, ಗಾಳಿ ಒಣಗಿತ್ತು. ದೊಡ್ಡಪ್ಪನ ಮಣಿಕಟ್ಟು ಹಿಡಿದು, ಅವನು ಏನೆಂದು ಕೇಳುವಷ್ಟರಲ್ಲಿ, ಲಡಿಯನ್ನು ಅವನ ಮುಷ್ಟಿಯೊಳಗಿಂದ ನಾಲ್ಕು ಸಲ, ಐದು ಸಲ ಬಿರಬಿರನೆ ಎಳೆದಳು.

"ನೋಡ್ರಿ ಎಲ್ಲಾ! ಯಾರ ಕೈಯಾದ್ರೂ ಇಷ್ಟೇ!"

ಎಳೆಗಳು ಸಿಟ್ಟಾದ ಬೆಕ್ಕಿನ ಬಾಲದಂತೆ ಅರಳಿದವು. ಒಂದನ್ನೊಂದು ದೂಡುತ್ತ ಮೇಲೆದ್ದು ಬಚ್ಚಪ್ಪನ ತೋಳಿಗೆ, ಗಡ್ಡಕ್ಕೆ ಹೋಗಿ ಅಂಟಿದವು. ಬಚ್ಚಪ್ಪ ಬೆದರಿ ಕೈ ಕೊಡವಿದ. ಅವು ಬಿಡಲಿಲ್ಲ. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಎಲ್ಲರಿಗೂ ತಿಳಿಯಿತು ಎಂದುಕೊಂಡಳು ಮುನಿರತ್ನಮ್ಮ.

"ಅಮ್ಮಾ!" ಎಂದು ದೊಡ್ಡಮುನಿಯಪ್ಪ ಕಿರುಚಿದ. "ಹೋಗೋ ಮುಂಚೆ ಯಜಮಾನ್ರ ಕೈಗೆ ಬಂದ್ಬಿಟ್ಳು! ಕಣ್ಮುಂದೇನೇ ಬಂದ್ಳು!"

ಮೊದಲು ಬಚ್ಚಪ್ಪನ ಕಾಲಿಗೆ ಬಿದ್ದವಳು ಮುನಿಗಂಗಮ್ಮ. ಬೆಳಿಗ್ಗೆ ಹೆಣ ತೊಳೆಯುವಾಗ ಆ ಕಲೆಗಳನ್ನು ಕಣ್ಣಾರೆ ಕಂಡವಳು. ಅವಳ ಹಿಂದೆ ಉಳಿದವರೂ ಬಿದ್ದರು. ಬಚ್ಚಪ್ಪ ತನ್ನ ಕೈಯನ್ನೇ ನೋಡಿಕೊಂಡ. ಅವನ ಮುಖದಲ್ಲಿದ್ದ ಹೆದರಿಕೆ ಮೆಲ್ಲಗೆ ಇಳಿಯಿತು, ಕಣ್ಣುಗಳು ಅರ್ಧ ಮುಚ್ಚಿದವು, ಕೈ ತಾನಾಗಿ ಹರಸುವ ಹಾಗೆ ಮೇಲೆದ್ದಿತು. ಮುನಿರತ್ನಮ್ಮನ ಕೈಯಿಂದ ಲಡಿ ಜಾರಿ ಬಿತ್ತು. ಯಾರೋ ಅದನ್ನೂ ಎತ್ತಿ ಕಣ್ಣಿಗೊತ್ತಿಕೊಂಡರು.

ಆಮೇಲೆ ಹೆಣವನ್ನು ಹೊರಡಿಸಿದರು. ಹೆಣದ ಸುತ್ತ ಇದ್ದವರಿಗಿಂತ ಬಚ್ಚಪ್ಪನ ಸುತ್ತ ಇದ್ದವರೇ ಹೆಚ್ಚು. ಹೆಂಗಸರು ಕೇರಿಯ ತುದಿಯ ತನಕ ಹೋಗಿ ಹಿಂತಿರುಗಿದರು. ಮುನಿರತ್ನಮ್ಮ ಮನೆಗೆ ಬಂದು ಎರಡು ಕೊಡ ನೀರು ಹೊಯ್ದುಕೊಂಡಳು. ಆದರೂ ಅರಿಶಿನದ ವಾಸನೆ ಬಿಡಲಿಲ್ಲ. ಮಿಂದ ಸೀರೆಯನ್ನು ಹಿಂಡಿ ಗಂಟು ಕಟ್ಟಿಕೊಂಡಳು.

"ಮೂರು ದಿನದ ಕಾರ್ಯ ಆಗೋವರ್ಗಾದ್ರೂ ಇರವ್ವ," ಎಂದಳು ಮುನಿಗಂಗಮ್ಮ.

"ಈ ಮನೆ ನೀರೂ ನನ್ನ ಗಂಟಲಲ್ಲಿ ಇಳಿಯಲ್ಲ ಅತ್ತೆ."

ಗಂಡಸರು ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಬಂದರು. ಬಚ್ಚಪ್ಪ ಒಳಗೆ ಹೋಗಿ ಮಡಿಯುಟ್ಟು ಬಂದು ಜಗುಲಿಯ ಮೇಲೆ ಕೂತ. ಕೇರಿಯವರು ಒಬ್ಬೊಬ್ಬರಾಗಿ ಬಗ್ಗಿದರು. ಅವನು ಒಬ್ಬೊಬ್ಬರ ತಲೆಯನ್ನೂ ಮುಟ್ಟಿದ. ಮೇಷ್ಟ್ರು ಕೂಡ ಬಗ್ಗಿ ಹೋದರು. ಗಂಟು ಹಿಡಿದು ಮೆಟ್ಟಿಲಿಳಿದ ಮುನಿರತ್ನಮ್ಮ ಬೀದಿಯಲ್ಲಿ ನಿಂತು ತಂದೆಯನ್ನು ಹುಡುಕಿದಳು. ಹೋಗಿಬರುತ್ತೇನೆ ಅನ್ನಬೇಕೋ ಬೇಡವೋ ಅವಳಿಗೇ ಗೊತ್ತಿರಲಿಲ್ಲ.

ಲಕ್ಷ್ಮಣಪ್ಪ ಸಾಲಿನ ಕೊನೆಯಲ್ಲಿದ್ದ. ಕೇಶ ತೆಗೆಸಿದ ತಲೆಯಿಂದ ಕೆರೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ಮಗಳ ಕಡೆ ನೋಡಲಿಲ್ಲ. ಸರದಿ ಬಂದಾಗ ಎರಡೂ ಮಂಡಿಯೂರಿ, ಅಣ್ಣನ ಮುಂದೆ ತಲೆ ಬಗ್ಗಿಸಿದ. ಬಚ್ಚಪ್ಪ ಅದರ ಮೇಲೆ ಅಂಗೈಯಿಟ್ಟ. ಇಟ್ಟು, ತೆಗೆದು, ಕೈಗಂಟಿದ ನೀರನ್ನು ಪಂಚೆಗೆ ಒರೆಸಿಕೊಂಡ.