ಸದ್ದಿಲ್ಲದ ಕೋಣೆ

"ಏಳು, ನಾಕು, ಎಲ್ಡು, ಒಂಬತ್ತು, ಮೂರು, ಎಂಟು," ಎಂದು ಗೊಲ್ಲಾಳಪ್ಪ ಒಂದೇ ಉಸಿರಿಗೆ ಹೇಳಿ ಮುಗಿಸಿ ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕುಳಿತ. "ಇನ್ನೂ ಉದ್ದಂದು ಹೇಳ್ರಿ ಅಕ್ಕೋರೆ. ಇಷ್ಟರಾಗ ಏನದ? ಇದು ನಮ್ ಸಣ್ಣ ಹುಡುಗಿನೂ ಹೇಳ್ತಾಳ."

ಲಲಿತಾಬಾಯಿ ಇನ್ನೊಂದು ಅಂಕಿ ಸೇರಿಸಿ ಹೇಳಿದಳು. ಅದನ್ನೂ ಒಪ್ಪಿಸಿದ. ಹಿಂದಿನಿಂದ ಹೇಳು ಎಂದರೆ ಹಿಂದಿನಿಂದಲೂ ಹೇಳಿದ. ಚೌಕದ ಚಿತ್ರಗಳನ್ನು ಜೋಡಿಸಿದ, ಓದಿ ಹೇಳಿದ ಕತೆಯನ್ನು ಎಳೆ ಬಿಡದೆ ತಿರುಗಿ ಹೇಳಿದ. ಎಡಹುಬ್ಬಿನ ಮೇಲಿಂದ ಕೂದಲೊಳಗೆ ಹೋಗಿ ಮರೆಯಾಗುವ ಗಾಯದ ಗೆರೆ ಇರದಿದ್ದರೆ ಈ ಮನುಷ್ಯನ ತಲೆಗೆ ಹೋದ ಬೇಸಿಗೆಯಲ್ಲಿ ಗಣಿಯ ಕಲ್ಲು ಬಡಿದಿತ್ತು ಎಂದು ಯಾರೂ ನಂಬುತ್ತಿರಲಿಲ್ಲ. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ. ಅದನ್ನು ಬೂದಿ ಹಚ್ಚಿ ತಿಕ್ಕಿಕೊಂಡು ಬಂದಿದ್ದ. ನಾಳೆಯೇ ಕೆಲಸಕ್ಕೆ ಹೋಗುವವನ ಉಮೇದು ಅದು.

ಅವಳ ಹಿಂದೆ, ಗೋಡೆಗೆ ಕುರ್ಚಿ ಹಾಕಿಕೊಂಡು ಡಾಕ್ಟರ್ ಕಲ್ಯಾಣಪ್ಪನವರು ಕುಳಿತಿದ್ದರು. ಮೆದುಳಿಗೆ ಪೆಟ್ಟಾದವರ ನೆನಪು, ಗಮನ, ವಿಚಾರಗಳನ್ನು ಅಳೆಯುವ ವಿದ್ಯೆಗೆ ಬೆಂಗಳೂರಿನಲ್ಲಿ ಸೇರಿದ್ದ ಲಲಿತಾಬಾಯಿಗೆ ಇದು ಕೊನೆಯ ವರ್ಷದ ಪ್ರಾಯೋಗಿಕ ತರಬೇತಿ. ಪರೀಕ್ಷೆ ಅವಳು ಮಾಡಬೇಕು, ಅವರು ಹಿಂದೆ ಕುಳಿತು ನೋಡಬೇಕು. ಅವರು ಸೈ ಎಂದರೆ ಅವಳು ಪಾಸು. ವಾಡಿಯ ಆಚೆಗಿನ ಈ ಸುಣ್ಣಗಲ್ಲಿನ ಗಣಿಯವರು ತಮ್ಮ ದವಾಖಾನೆಯಲ್ಲಿ ವಿದ್ಯಾರ್ಥಿಗಳಿಗೆಂದು ಈ ಕೋಣೆ ಕೊಟ್ಟಿದ್ದರು. ಕಿಟಕಿಗೆ ದಪ್ಪ ಪರದೆ, ಬಾಗಿಲಿಗೆ ಒಳಗಿನಿಂದ ಚಿಲಕ. ಪರೀಕ್ಷೆಗೆ ಕುಳಿತವನ ಕಿವಿಗೆ ಬೇರೆ ಸದ್ದು ಬೀಳಬಾರದು, ನಡುವೆ ಯಾರೂ ಕರೆಯಬಾರದು ಎಂಬುದು ಕಲ್ಯಾಣಪ್ಪನವರು ಕಲಿಸಿದ ಮೊದಲ ಪಾಠ.

"ಸಾಕು," ಎಂದರು ಕಲ್ಯಾಣಪ್ಪ. "ಎಲ್ಲದರಲ್ಲೂ ಸರಾಸರಿಗಿಂತ ಮೇಲೆ. ಹಳೆಯ ಕೆಲಸಕ್ಕೆ ಯೋಗ್ಯ. ನೀನು ಚೆನ್ನಾಗಿ ಮಾಡಿದಿ, ಲಲಿತಾ. ಕೈ ನಡುಗಲಿಲ್ಲ."

ಅವಳಿಗೆ ಖುಷಿಯಾಯಿತು. ಆಮೇಲೆ ಆ ಖುಷಿಯನ್ನು ನೆನೆದಾಗಲೆಲ್ಲ ಮೈ ಉರಿಯುತ್ತಿತ್ತು.

ಬಾಗಿಲು ತೆರೆದಾಗ ಹೊಸ್ತಿಲಿಗೆ ಅಡ್ಡವಾಗಿ ಗೊಲ್ಲಾಳಪ್ಪನ ಹೆಂಡತಿ ಸಾಬಮ್ಮ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕಾಲು ಮೊಣಕಾಲತನಕ ಸುಣ್ಣದ ಧೂಳು. ಅವಳೂ ಅದೇ ಗಣಿಯಲ್ಲಿ ಬುಟ್ಟಿ ಹೊರುವವಳು.

"ಏನ್ ಅಂದ್ರಿ ಇವರಿಗೆ?"

"ಆರಾಮ ಇದ್ದಾರಮ್ಮ. ಕೆಲಸಕ್ಕೆ ಹೋಗಬಹುದು," ಎಂದರು ಕಲ್ಯಾಣಪ್ಪ.

"ಯಾವ್ ಕೆಲಸಕ್ಕರಿ?"

"ಹಳೆಯ ಕೆಲಸಕ್ಕೇ."

"ಬತ್ತಿ ಹಚ್ಚಲಿಕ್ಕಾ?" ಸಾಬಮ್ಮ ಗಂಡನ ಕಡೆ ನೋಡಲಿಲ್ಲ. "ಇವರು ಉಂಡು ಕೈ ತೊಳಕೋಳಾಗ ಬಾಜೂ ಮನಿಯವರು ಕರದ್ರಂದ್ರ, ಹೋಗಿ ಮಾತಾಡಿ ಬಂದು ಮತ್ತ ತಾಟಿನ ಮುಂದ ಕುಂದರ್ತಾರ. ಎಮ್ಮಿಗಿ ನೀರ್ ಕುಡಸಾಕ ಹೋದವರು ಹಾದ್ಯಾಗ ಒಬ್ಬರು ಶರಣ್ರಿ ಅಂದ್ರ ಸಾಕು, ಎಮ್ಮಿ ಬಿಟ್ಟು ಅವರ ಸಂಗಟ ತೆಂಗಳಿ ಊರತನ ಹೋಗಿ ಬರ್ತಾರ. ಸುಮ್ಮ ಬಿಟ್ರ ಎಲ್ಲಾ ಬರೋಬ್ಬರಿ. ನಡುವ ಯಾರರ ಕರದ್ರ ಕೈಯಾಗಿನ ಕೆಲಸ ಅಲ್ಲೇ ಸತ್ ಹೋಗ್ತದ್ರಿ. ಸತ್ತದ್ದು ಇವರಿಗಿ ಗೊತ್ತಾಗಂಗಿಲ್ಲ."

"ಇಕಿ ಮೊದಲಿನಿಂದನೂ ಹಿಂಗೇರಿ," ಎಂದು ಗೊಲ್ಲಾಳಪ್ಪ ನಕ್ಕ. "ಮದಿವ್ಯಾದ ದಿನಾನೇ ನನಗ ಮರವು ಅದ ಅಂತ ಅಂದಾಳ."

"ಮನೆಯವರು ಯಾವಾಗಲೂ ಇದನ್ನೇ ಹೇಳುತ್ತಾರೆ. ಗಾಬರಿ," ಎಂದು ಕಲ್ಯಾಣಪ್ಪ ಲಲಿತಾಬಾಯಿಗೆ ಮೆಲ್ಲಗೆ ಹೇಳಿದರು, ಪಾಠ ಹೇಳುವ ದನಿಯಲ್ಲಿ.

ಸಾಬಮ್ಮನಿಗೆ ಅದು ಕೇಳಿಸಿತು. "ಕೆಲಸ ಬ್ಯಾಡ ಅನ್ನಾಕತ್ತಿಲ್ರಿ ನಾ. ನೀರ್ ಹೊರ್ಲಿ, ಹಾರಿ-ಸಲಿಕಿ ಹಿಡೀಲಿ, ಬುಟ್ಟಿ ತುಂಬ್ಲಿ. ಬತ್ತಿ ಬ್ಯಾಡ ಅಂತೀನಿ. ಇವರು ಸೀಟಿ ಊದಿದ್ರ ಕೆಳಗ ಇಳಿಯೋರು ನಾವು. ನೀವಲ್ಲ."

ಅವಳು ಹೇಳಿದ್ದೇನೆಂದು ಲಲಿತಾಬಾಯಿಗೆ ಬಿಡಿಸಿ ತಿಳಿಸಿದವನು ಬಾಬುಮಿಯಾ. ಗಣಿಯ ಮುಕಾದಮ, ಕೂಲಿಯಾಳುಗಳ ಮೇಸ್ತ್ರಿ. ಗೊಲ್ಲಾಳಪ್ಪನನ್ನು ಕರೆದೊಯ್ಯಲೆಂದೇ ಬಂದು ವರಾಂಡದ ಕಟ್ಟೆಯ ಮೇಲೆ ಬೀಡಿ ಹಚ್ಚಿ ಕುಳಿತಿದ್ದ. ಸುರಂಗ ಹೊಡೆಯುವ ಕೆಲಸವೆಂದರೆ ಬಂಡೆಯಲ್ಲಿ ಕೊರೆದ ಕುಣಿಗಳಿಗೆ ಮದ್ದು ತುಂಬಿ, ಒಂದೊಂದರ ಬತ್ತಿಗೂ ಬೆಂಕಿ ಮುಟ್ಟಿಸಿ ಓಡಿಬಂದು ಮರೆಯಲ್ಲಿ ಕೂಡುವುದು. ಆಮೇಲೆ ಸದ್ದು ಎಣಿಸುವುದು. ಹನ್ನೆರಡು ಕುಣಿಗೆ ಬೆಂಕಿಯಿಟ್ಟರೆ ಹನ್ನೆರಡು ಸದ್ದು ಬರಬೇಕು. ಒಂದು ಕಡಿಮೆ ಬಂದರೆ ಯಾವುದೋ ಒಂದು ಕುಣಿಯಲ್ಲಿ ಮದ್ದು ಇನ್ನೂ ಕಾಯುತ್ತ ಕುಳಿತಿದೆ. ಎಲ್ಲ ಬಂದವೆಂದು ಖಾತ್ರಿಯಾದ ಮೇಲೆ ಎಣಿಸಿದವನು ಸೀಟಿ ಊದುತ್ತಾನೆ. ಬುಟ್ಟಿಯ ಹೆಂಗಸರು ಇಳಿಯುತ್ತಾರೆ.

"ಇವನಂಥ ಎಣಸೋರು ಈ ಖಣಿಯಾಗ ಇನ್ನೊಬ್ಬರಿಲ್ರಿ ಬಾಯಿ," ಎಂದ ಬಾಬುಮಿಯಾ. "ಉಳದವರು ಬಿಟ್ಟು ಹೋಗ್ಯಾರ. ಮ್ಯಾಲಿನವರು ದಿನಾ ನನ್ನ ತಲಿ ತಿನ್ಲಿಕತ್ತಾರ, ಗೊಲ್ಲಾಳಪ್ಪ ಯಾವಾಗ ಬರ್ತಾನ ಅಂತ."

"ಮರೆಯಲ್ಲಿ ಕೂತು ಎಣಿಸುವಾಗ ಅವನನ್ನು ಯಾರಾದರೂ ಮಾತಾಡಿಸುತ್ತಾರೇನು?"

"ಅರೆ, ಮಂದಿ ಅಂದಮ್ಯಾಗ ಮಾತು ಇರಲಾರದೇ ಇರ್ತದೇನ್ರಿ? ಡ್ರೈವರ್ ಕೂಗ್ತಾನ, ನಾ ಕೂಗ್ತೀನಿ, ಸಾಹೇಬ್ರು ಕೂಗ್ತಾರ."

ಲಲಿತಾಬಾಯಿ ತಾನು ಈಗಷ್ಟೇ ಚಿಲಕ ತೆಗೆದ ಕೋಣೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಬೆಳಗಿನಿಂದ ಅವಳು ಅಷ್ಟು ಜತನದಿಂದ ಹೊರಗಿಟ್ಟಿದ್ದ ನಡುವಿನ ಕರೆಯೇ ಈ ಮನುಷ್ಯನ ರೋಗವಾಗಿತ್ತು. ಅದನ್ನು ಹೊರಗಿಟ್ಟು, ಬಾಗಿಲು ಹಾಕಿ, ಒಳಗೆ ರೋಗವಿಲ್ಲ ಎಂದು ಖುಷಿಪಟ್ಟಿದ್ದಳು.

"ಸರ್, ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಇಲ್ಲೇ, ಹೊರಗೆ."

"ಪುಸ್ತಕದಲ್ಲಿ ಇಲ್ಲದ್ದೇನು?"

"ಪುಸ್ತಕದಲ್ಲಿ ಸುರಂಗವೂ ಇಲ್ಲ, ಸರ್."

ಕಲ್ಯಾಣಪ್ಪನವರು ಗಡಿಯಾರ ನೋಡಿಕೊಂಡರು. ಅವರು ಬೇಡ ಎನ್ನುವುದರೊಳಗೆ ಅವಳು ವರಾಂಡದ ತುದಿಗೆ ಹೋಗಿದ್ದಳು. ಅಲ್ಲಿ ಘಂಟೆಯ ಬದಲಿಗೆಂದು ರೈಲು ಹಳಿಯ ತುಂಡೊಂದನ್ನು ತೂಗು ಹಾಕಿದ್ದರು. ಪಕ್ಕದಲ್ಲಿ ಕಬ್ಬಿಣದ ಸಲಾಕೆ. ಅದನ್ನು ಬಾಬುಮಿಯಾನ ಕೈಗೆ ಕೊಟ್ಟು, ಸುರಂಗ ಸಿಡಿದ ಹಾಗೆ ಒಮ್ಮೆ ಬೇಗ ಒಮ್ಮೆ ತಡವಾಗಿ ಬಾರಿಸಲು ಹೇಳಿದಳು. ಎಷ್ಟು ಎನ್ನುವುದನ್ನು ಅವನ ಕಿವಿಯಲ್ಲಿ ಉಸುರಿದಳು. ಗೊಲ್ಲಾಳಪ್ಪನನ್ನು ಕಂಬದ ಹಿಂದೆ ಕೂಡಿಸಿ, "ಹನ್ನೆರಡು ಕುಣಿ ಹಚ್ಚೀರಿ ಅಂತ ತಿಳಕೋರಿ. ಎಣಿಸಿ, ಆದ ಮ್ಯಾಲ ಸೀಟಿ ಊದ್ರಿ," ಎಂದಳು. ಚಿತ್ತಾಪುರದ ಅವಳ ಮಾತು ಬೆಂಗಳೂರಿಗೆ ಹೋದಮೇಲೆ ಮೊದಲ ಸಲ ರೋಗಿಯ ಮುಂದೆ ತಾನಾಗಿ ಬಂದಿತ್ತು.

ಗೊಲ್ಲಾಳಪ್ಪ ಬಾಯಲ್ಲಿ ಸೀಟಿ ಕಚ್ಚಿ, ಕಣ್ಣು ಮುಚ್ಚಿ ಕುಳಿತ. ಹಳಿ ಮೊಳಗಿತು. ಒಂದು. ಎರಡು. ಅವನ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದೇ ಮನೆ ಏರತೊಡಗಿತು. ಐದನೆಯದಾಯಿತು, ಆರನೆಯದಾಯಿತು.

"ಗೊಲ್ಲಾಳಪ್ಪಣ್ಣ, ಚಹಾ ಕುಡೀತೀರೇನ್ರಿ?" ಎಂದಳು ಲಲಿತಾಬಾಯಿ.

ಅವನು ಕಣ್ಣು ತೆರೆದು, ಸೀಟಿ ಬಾಯಿಂದ ತೆಗೆದು, ಮುಖ ತುಂಬ ನಕ್ಕ. "ಈಗೇ ಆಗ್ಯಾದ್ರಿ ಅಕ್ಕೋರೆ. ನಿಮ್ದು ಆತೇನ್ರಿ?"

ಹಳಿ ಮತ್ತೆ ಎರಡು ಸಲ ಮೊಳಗಿತು. ಬಾಬುಮಿಯಾ ಸಲಾಕೆ ಕೆಳಗಿಳಿಸಿದ. ಎಂಟಕ್ಕೆ ನಿಲ್ಲಿಸು ಎಂದೇ ಅವಳು ಹೇಳಿದ್ದಳು. ಗೊಲ್ಲಾಳಪ್ಪ ಎದ್ದು ನಿಂತು, ಎದೆ ಉಬ್ಬಿಸಿ, ಕಟ್ಟಡವೆಲ್ಲ ಕೇಳುವ ಹಾಗೆ ಸೀಟಿ ಊದಿದ.

"ಆತು. ಎಲ್ಲಾ ಬಂದಾವ. ಇಳೀರಿ."

ಬಾಬುಮಿಯಾನ ಬೀಡಿ ಆರಿಹೋಗಿತ್ತು. ಸಾಬಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಳು. ಗೊಲ್ಲಾಳಪ್ಪನೊಬ್ಬನೇ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಶಹಬ್ಬಾಸ್ ಎನ್ನುವುದನ್ನು ಕಾಯುತ್ತಿದ್ದ.

ಕಲ್ಯಾಣಪ್ಪನವರು ಅವಳನ್ನು ಕೋಣೆಯೊಳಗೆ ಕರೆದು ಬಾಗಿಲು ಹಾಕಿದರು.

"ಇದು ಪರೀಕ್ಷೆಯಲ್ಲ, ಆಟ. ನಾಳೆ ಯಾರಾದರೂ ಕೇಳಿದರೆ ಇದಕ್ಕೆ ಯಾವ ಆಧಾರ ತೋರಿಸುತ್ತಿ? ಅಂಕ ಎಷ್ಟು? ಯಾರ ಜೊತೆ ಹೋಲಿಸುತ್ತಿ?"

"ಕೆಳಗೆ ಹೆಂಗಸರು ಇಳಿಯುತ್ತಾರೆ, ಸರ್."

"ಕೇಳು. ಈ ಗಣಿಯವರು ಕೇಳಿದ್ದು ಒಂದೇ ಮಾತು, ಹಳೆಯ ಕೆಲಸಕ್ಕೆ ಯೋಗ್ಯನೋ ಅಲ್ಲವೋ. ಅಲ್ಲ ಅಂದರೆ ಅವನನ್ನು ಮನೆಗೆ ಕಳಿಸುತ್ತಾರೆ. ಆಗ ಇದೇ ಹೆಂಗಸು ಬಂದು ನಿನ್ನ ಕಾಲು ಹಿಡಿಯುತ್ತಾಳೆ. ಇನ್ನೊಂದು ಮಾತು, ಎಷ್ಟೋ ಕಡೆ ಕೈ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಈ ಒಂದು ಜಾಗ ಸಿಕ್ಕಿದೆ. ಇದರ ಬಾಗಿಲು ಮುಚ್ಚಿದರೆ ನಿನ್ನ ಹಿಂದೆ ಬರುವವರು ಎಲ್ಲಿ ಕಲಿಯಬೇಕು?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯ ಸೇಡಮ್ಮಿನವರು. ಚಿಕ್ಕಂದಿನಲ್ಲಿ ಫರಶಿ ಕಲ್ಲಿನ ಗಣಿಗಳ ದಂಡೆಯಲ್ಲೇ ಆಡಿ ಬೆಳೆದವರು. ಸದ್ದು ಎಣಿಸುವುದೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲವೆಂದು ಯಾರಾದರೂ ಹೇಳಿದರೆ ಅವಳು ನಂಬುತ್ತಿರಲಿಲ್ಲ.

"ಬತ್ತಿ ಬಿಟ್ಟು ಬೇರೆ ಕೆಲಸ ಕೊಡಿ ಅಂತ ಬರೆಯಿರಿ, ಸರ್. ಒಂದು ಸಾಲು."

"ಕೇಳದ್ದನ್ನು ಬರೆಯುವುದಿಲ್ಲ. ಪರೀಕ್ಷೆ ಮಾಡಿದವಳು ನೀನು, ಕೆಳಗೆ ಸಹಿ ಹಾಕು."

"ಹಾಕುವುದಿಲ್ಲ."

ಅಷ್ಟು ಹೊತ್ತು ಅಚ್ಚಿನ ಕನ್ನಡದಲ್ಲಿ ಮಾತಾಡುತ್ತಿದ್ದ ಕಲ್ಯಾಣಪ್ಪನವರ ಬಾಯಿಂದ ಊರ ಮಾತು ಬಂತು. "ಭಾಳ ಶ್ಯಾಣೇಕಿ ಆಗಬ್ಯಾಡ. ಕೂಸಿಗಿ ತವರಾಗ ಬಿಟ್ಟು ಬಂದು ಎಲ್ಡು ವರ್ಷ ಓದೀದಿ. ಅದಕ್ಕರ ಒಂದು ಬೆಲಿ ಅದನೋ ಇಲ್ಲೋ? ನಾಳಿ ಮುಂದಿನ ರೋಗಿಗೋಳ ಪರೀಕ್ಷಾಕ ರಾಯಚೂರಿಗಿ ಬರಲಿಲ್ಲಂದ್ರ ನಿನ್ನ ತರಬೇತಿ ಅರ್ಧಕ್ಕೇ ನಿಂತಂಗ."

"ಕೂಸಿನ ಹೆಸರು ಯಾಕ ತಗೀತೀರಿ?" ಎಂದಳು ಲಲಿತಾಬಾಯಿ. ದನಿ ಏರಿತ್ತು. "ಆ ಬುಟ್ಟಿ ಹೊರೋರಿಗೂ ಕೂಸುಗಳು ಅವ."

ಅವರು ಅವಳ ಸಹಿಯಿಲ್ಲದೆಯೇ ಬರೆದುಕೊಟ್ಟು ಸಂಜೆಯ ಗಾಡಿಗೆ ಹೋದರು. ಹೋಗುವಾಗ ಗಣಿಯ ಜೀಪು ಅವರನ್ನು ಸ್ಟೇಶನ್ನಿಗೆ ಬಿಟ್ಟುಬಂತು.

ಅಂಗಳದಲ್ಲಿ ಸಾಬಮ್ಮ ಕಾದಿದ್ದಳು. ಬಾಬುಮಿಯಾ ಅವಳಿಗೆ ಮುಖ ಕೊಡದೆ ಹೋಗಿಬಿಟ್ಟಿದ್ದ. ಮೇಲಿನವರ ಮಾತು ಮೀರಿದರೆ ತನ್ನ ಹೊಟ್ಟೆಯ ಮೇಲೆ ಬರುತ್ತದೆ ಎಂದಷ್ಟೇ ಹೇಳಿದ್ದನಂತೆ.

"ನೀವರ ಏನ್ ಮಾಡಿದ್ರಿ?" ಎಂದು ಕೇಳಿದಳು ಸಾಬಮ್ಮ.

"ಸಹಿ ಹಾಕಲಿಲ್ಲ."

"ಹಾಕಲಿಲ್ಲಂದ್ರ ನಿಂತದೇನು?"

"ಇಲ್ಲ."

"ಮತ್ತ?" ಸಾಬಮ್ಮ ಇಡೀ ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಆ ಒಂದು ಮಾತಿನಲ್ಲಿತ್ತು. "ನಿಮ್ಮದು ಕಲಿಯೋದು ಆತು. ನಮ್ಮದು ನಾಳಿ ಅದ."

ಆ ರಾತ್ರಿ ಚಿತ್ತಾಪುರದ ಮನೆಯಲ್ಲಿ ಲಲಿತಾಬಾಯಿಯ ತಾಯಿ ಮಹಾದೇವಮ್ಮ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು. "ನಿನ್ ಕೂಸಿಗಿ ನಾ ಬೆನ್ನಿಗಿ ಕಟಗೊಂಡು ಜ್ವಾಳ ಬೀಸಿದ್ದು ಇದಕ್ಕೇನು?" ಎಂದಳು. ಬೆಳಗಾಗುತ್ತಲೇ ಲಲಿತಾಬಾಯಿ ಮಗಳ ಜಡೆ ಹೆಣೆದು, ರಾಯಚೂರಿನ ಗಾಡಿ ಬಿಟ್ಟು ವಾಡಿಯ ಬಸ್ಸು ಹತ್ತಿದಳು. ಹೋಗಿ ಏನು ಮಾಡುವುದೆಂದು ಅವಳಿಗೇ ತಿಳಿದಿರಲಿಲ್ಲ. ಮನೆಯಲ್ಲಿ ಕೂತರೆ ತಲೆ ಸಿಡಿಯುತ್ತದೆ ಎಂಬುದಷ್ಟೇ ಗೊತ್ತಿತ್ತು.

ಅವಳು ಗಣಿಯ ದಂಡೆ ಮುಟ್ಟಿದಾಗ ಸುರಂಗ ಹೊಡೆಯುವ ಸೂಚನೆಯ ಕೆಂಪು ಝಂಡಾ ಏರಿತ್ತು. ದೂರದಲ್ಲಿ, ತಗಡಿನ ಮರೆಯ ಹಿಂದೆ ಹೆಂಗಸರೆಲ್ಲ ಬುಟ್ಟಿಗಳೊಂದಿಗೆ ಕುಳಿತಿದ್ದರು. ಸಾಬಮ್ಮ ಅವಳನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದಳು. ಕೆಳಗೆ ಬಿಳಿಯ ಬಂಡೆಯ ಮೇಲೆ ಗೊಲ್ಲಾಳಪ್ಪ ಹನ್ನೆರಡು ಕುಣಿಗಳ ಬತ್ತಿಗಳಿಗೆ ಒಂದೊಂದಾಗಿ ಬೆಂಕಿ ಮುಟ್ಟಿಸುತ್ತ ಬಾಗಿ ಏಳುತ್ತಿದ್ದ. ಆ ಕೈಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಓಡಿಬಂದು ಮರೆಗೆ ಸೇರಿ ಕಣ್ಣು ಮುಚ್ಚಿದ.

ನೆಲ ಅದುರಿತು. ಲಲಿತಾಬಾಯಿಯೂ ಎಣಿಸತೊಡಗಿದಳು. ನಾಲ್ಕು, ಐದು. ಅಷ್ಟರಲ್ಲಿ ಲಾರಿಯ ಡ್ರೈವರ್ ಮೇಲಿನಿಂದ, "ಏ ಗೊಲ್ಲಾಳಪ್ಪ, ಬಂದೇನಪಾ? ಆರಾಮಿದ್ದಿ?" ಎಂದು ಕೂಗಿದ. ಗೊಲ್ಲಾಳಪ್ಪ ಕಣ್ಣು ತೆರೆದು ಕೈ ಎತ್ತಿದ. ಲಲಿತಾಬಾಯಿಗೆ ಆ ಡ್ರೈವರನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವಳ ಲೆಕ್ಕವೂ ತಪ್ಪಿಹೋಯಿತು. ಸದ್ದುಗಳು ಬಂದವು, ನಿಂತವು. ಹನ್ನೊಂದೋ ಹನ್ನೆರಡೋ ಅವಳಿಗೆ ತಿಳಿಯಲಿಲ್ಲ.

ಗೊಲ್ಲಾಳಪ್ಪ ಎದ್ದು ಸೀಟಿ ಊದಿದ.

ಒಬ್ಬ ಹೆಂಗಸೂ ಏಳಲಿಲ್ಲ.

ಅವನು ಮತ್ತೆ ಊದಿದ. ಬಾಬುಮಿಯಾ ಆಚೆ ದಂಡೆಯಿಂದ, "ಏಳ್ರಿ, ಯಾಕ ಕುಂತೀರಿ," ಎಂದು ಒಂದು ಸಲ ಕೂಗಿ, ಎರಡನೆಯ ಸಲ ಕೂಗದೆ ಸುಮ್ಮನಾದ. ಹೆಂಗಸರು ಬುಟ್ಟಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕುಳಿತರು. ಯಾವಾಗ, ಯಾರ ಮನೆಯಂಗಳದಲ್ಲಿ ಇದು ನಿಶ್ಚಯವಾಯಿತೋ, ಅದನ್ನು ಲಲಿತಾಬಾಯಿಗೆ ಯಾರೂ ಹೇಳಲಿಲ್ಲ.

ಸಾಬಮ್ಮ ಎದ್ದಳು. ಗಂಡನ ಹತ್ತಿರ ಹೋಗಿ, ಕರಿದಾರವನ್ನು ಅವನ ತಲೆಯ ಮೇಲಿಂದ ಮೆಲ್ಲಗೆ ತೆಗೆದಳು. ದಾರ ಗಾಯದ ಗೆರೆಗೆ ತಾಕದ ಹಾಗೆ ಕೈ ಅಡ್ಡ ಹಿಡಿದಿದ್ದಳು.

"ಯಾಕ? ಊಟದ ಹೊತ್ತಾತೇನು?" ಎಂದ ಗೊಲ್ಲಾಳಪ್ಪ.

"ಹ್ಞೂಂ, ಆತು. ಬರ್ರಿ."

ಅವನು ಬಂದು ಹೆಂಗಸರ ನಡುವೆ ಕುಳಿತು ಗಂಟು ಬಿಚ್ಚಿದ. ಒಂದು ರೊಟ್ಟಿ ಮುರಿದು, "ತಗೋರಿ ಅಕ್ಕೋರೆ," ಎಂದು ಅರ್ಧವನ್ನು ಲಲಿತಾಬಾಯಿಯ ಕೈಗಿಟ್ಟ. ಸಾಬಮ್ಮ ಸೀಟಿಯ ಎಂಜಲನ್ನು ಸೆರಗಿನಿಂದ ಒರೆಸಿ, ಅದೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕೆಳಗೆ ಖಾಲಿ ಬಂಡೆಯ ಮೇಲೆ ಬಿಳಿ ಧೂಳು ಇನ್ನೂ ಇಳಿಯುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತ ಕುಳಿತರು.