ಸೈದಪ್ಪನ ಚೀಲ

ಬೆಳಿಗ್ಗೆ ಹತ್ತಕ್ಕೆ ನನ್ನ ಮೇಜಿಗೆ ಬಂದ ಚೀಟಿಯಲ್ಲಿ ಹೀಗಿತ್ತು: ಭೀಮಶಾ ಅಮೃತಪ್ಪ, ವಯಸ್ಸು ಅರವತ್ತೆರಡು, ಊರು ತಡವಳ, ತಾಲೂಕು ಅಕ್ಕಲಕೋಟ. ಗುಂಪು ಓ ಪಾಸಿಟಿವ್. ಹಿಮೋಗ್ಲೋಬಿನ್ ನಾಲ್ಕು. ಎರಡು ಚೀಲ ರಕ್ತ, ತುರ್ತು.

ಎರಡು ಸಲ ಓದಿದೆ. ಆಮೇಲೆ ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ನಕ್ಕೆ. ಹೌದು, ನಕ್ಕೆ. ಸಾಯಲು ಬಿದ್ದವನ ಚೀಟಿ ನೋಡಿ ನಗುವುದು ತಪ್ಪು ಅನ್ನುವವರು ಮೊದಲು ನನ್ನ ಮಾತು ಕೇಳಲಿ.

ನಾನು ಕಾಂಚನ. ಸೋಲಾಪುರದ ನವಿ ಪೇಠೆಯ ಹಿಂದಿನ ಓಣಿಯಲ್ಲಿರುವ ಒಂದು ಆಸ್ಪತ್ರೆಯ ರಕ್ತಭಂಡಾರದಲ್ಲಿ ಟೆಕ್ನಿಷಿಯನ್. ನನ್ನ ಊರೂ ತಡವಳವೇ. ನಾನು ಹನ್ನೊಂದು ವರ್ಷದವಳಿದ್ದಾಗ ಭೀಮಶಾ ತನ್ನ ವಾಡೆಯ ಮುಂದೆ ಪೆಂಡಾಲು ಹಾಕಿಸಿ ರಕ್ತದಾನ ಶಿಬಿರ ಮಾಡಿಸಿದ್ದ. ಅವನ ಅಪ್ಪ ಅಮೃತಪ್ಪನಿಗೆ ಆಪರೇಷನ್ ಇತ್ತು, ರಕ್ತ ಬೇಕಾಗಿತ್ತು. ಪೆಂಡಾಲಿಗೆ 'ರಕ್ತಕ್ಕೆ ಜಾತಿಯಿಲ್ಲ' ಅಂತ ಮರಾಠಿಯಲ್ಲಿ ದೊಡ್ಡ ಬ್ಯಾನರು. ಅವನ ಹೊಲದಲ್ಲಿ ದುಡಿಯುತ್ತಿದ್ದ ನನ್ನ ಅಪ್ಪ ಸೈದಪ್ಪ ಪಾಪ ಅದನ್ನು ನಂಬಿದ. ಒಗೆದ ಅಂಗಿ ಹಾಕಿಕೊಂಡು ಸಾಲಿನಲ್ಲಿ ನಿಂತು ರಕ್ತ ಕೊಟ್ಟ. ಕೊಟ್ಟವರಿಗೆಲ್ಲ ಒಂದು ಬಿಸ್ಕೀಟು ಪುಡಿಕೆ. ಅದನ್ನು ತಂದು ನನ್ನ ಕೈಗಿಟ್ಟ.

ಅಷ್ಟರಲ್ಲಿ ಭೀಮಶಾ ಬಂದ. ಡಬ್ಬಿಯಿಂದ ಅಪ್ಪನ ಚೀಲ ಎತ್ತಿ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಕೇರಿ ರಕ್ತ ನಮ್ಮಪ್ಪಗ ಏರಸ್ತೀರೇನು?" ಕುಡುಗೋಲಿನಿಂದ ನಳಿಗೆ ಕೊಯ್ದು ಮೋರಿಯ ಪಕ್ಕದ ಮಣ್ಣಿಗೆ ಸುರಿದ. ನಾಯಿಗಳು ಬಂದು ಮೂಸಿದವು. ಬಂದಿದ್ದ ಡಾಕ್ಟರು ಸಾಲಿನಲ್ಲಿದ್ದ ಮುಂದಿನವನನ್ನು ಕರೆದರು. ಅಪ್ಪ ಮೊಣಕೈ ಮಡಚಿನಲ್ಲಿ ಹತ್ತಿ ಒತ್ತಿಕೊಂಡು ನೋಡುತ್ತ ನಿಂತಿದ್ದ. ನನ್ನ ಬಾಯಲ್ಲಿ ಬಿಸ್ಕೀಟು ಇತ್ತು, ಉಗುಳಿಬಿಟ್ಟೆ.

ಅದೇ ವಾರ ನಾವು ಊರು ಬಿಟ್ಟೆವು. ಅಪ್ಪ ಸೋಲಾಪುರದ ಹತ್ತಿರದ ಚಿಂಚೋಳಿ ಕೈಗಾರಿಕಾ ಪ್ರದೇಶದ ಒಂದು ನೂಲಿನ ಕಾರ್ಖಾನೆಯಲ್ಲಿ ವಾಚಮನ್ ಆದ. ಹತ್ತೊಂಬತ್ತು ವರ್ಷ ತೋಳಿಗೆ ಸೂಜಿ ಮುಟ್ಟಿಸಿಕೊಳ್ಳಲಿಲ್ಲ. ಟೈಫಾಯ್ಡ್ ಬಂದಾಗ ಸಲಾಯಿನ್ ಕೂಡ ಬೇಡವೆಂದ. ನಾನು ಈ ವಿದ್ಯೆ ಕಲಿತದ್ದು ಸೇವೆ ಮಾಡಲಿಕ್ಕಲ್ಲ. ಯಾವ ಚೀಲ ಯಾರಿಗೆ ಹೋಗಬೇಕು ಅಂತ ಹೇಳುವ ಕುರ್ಚಿಯಲ್ಲಿ ಒಂದು ದಿನ ನಾನು ಕೂತಿರಬೇಕು ಅಂತ ಕಲಿತೆ.

ಇರಲಿ. ಫ್ರಿಜ್ಜಿನಿಂದ ನಾಲ್ಕು ಓ ಪಾಸಿಟಿವ್ ಚೀಲ ತೆಗೆದು ಹೊಂದಾಣಿಕೆ ಪರೀಕ್ಷೆ ಮಾಡಿದೆ. ರೋಗಿಯ ರಕ್ತದ ತಿಳಿಯನ್ನು ಕೊಡುವವರ ಕೆಂಪು ಕಣಗಳ ಜೊತೆ ಬೆರೆಸಿ ನೋಡುವುದು. ಗಂಟು ಕಟ್ಟಿದರೆ ಆ ರಕ್ತ ಬರುವುದಿಲ್ಲ. ನಾಲ್ಕೂ ಗಂಟು ಕಟ್ಟಿದವು. ಹೊರಗೆ ಭೀಮಶಾನ ಬಳಗ ಜೀಪು ತುಂಬಿಕೊಂಡು ಬಂದಿತ್ತು. ಅವರಲ್ಲಿ ಏಳು ಜನ ಓ ಗುಂಪಿನವರು. ಏಳೂ ಗಂಟು ಕಟ್ಟಿದವು, ಹೊಟ್ಟೆಯಲ್ಲಿ ಹುಟ್ಟಿದ ಮಗ ಸಿದ್ದೇಶ್ವರನದೂ ಸೇರಿ. ಒಬ್ಬೊಬ್ಬನ ಹೆಸರು ಕೂಗಿ, "ನಿಮ್ಮದೂ ಹೊಂದಲಿಲ್ರಿ" ಅಂತ ಹೇಳುವಾಗ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ.

ಆದರೆ ಅಷ್ಟು ಹೊತ್ತಿಗೆ ಕಾರಣ ನನಗೆ ಹೊಳೆದಿತ್ತು. ಎರಡು ವರ್ಷದ ಹಿಂದೆ ಪುಣೆಯಲ್ಲಿ ತರಬೇತಿಗೆ ಹೋಗಿದ್ದಾಗ ಇದನ್ನೇ ತೋರಿಸಿದ್ದರು. ರಕ್ತದ ಕ್ಯಾನ್ಸರಿಗೆ ಈಗ ಪ್ರತಿಕಾಯದ ಹೊಸ ಔಷಧಿಗಳನ್ನು ತಯಾರಿಸುತ್ತಿದ್ದಾರೆ. ಕ್ಯಾನ್ಸರ್ ಕೋಶದ ಮೈಮೇಲೆ ಒಂದು ಗುರುತು ಇರುತ್ತದೆ. ಔಷಧಿ ಅದನ್ನು ಹುಡುಕಿ ಅಂಟಿಕೊಂಡು ಆ ಕೋಶವನ್ನು ಕೊಲ್ಲಿಸುತ್ತದೆ. ತೊಂದರೆಯೆಂದರೆ ಆ ಗುರುತು ಚೂರುಪಾರು ಎಲ್ಲರ ಕೆಂಪು ಕಣದ ಮೇಲೂ ಇರುತ್ತದೆ. ಕಳ್ಳನಿಗೆಂದು ಸಾಕಿದ ನಾಯಿ ಬೀಗರಿಗೂ ಬೊಗಳಿದ ಹಾಗೆ, ಪರೀಕ್ಷೆಯ ಕೊಳವೆಯಲ್ಲಿ ಔಷಧಿ ಎಲ್ಲರ ರಕ್ತವನ್ನೂ ಹಿಡಿದುಬಿಡುತ್ತದೆ. ನಿಜದಲ್ಲಿ ರಕ್ತ ಹೊಂದುತ್ತದೆ, ಪರೀಕ್ಷೆ ಮಾತ್ರ ಇಲ್ಲ ಅನ್ನುತ್ತದೆ.

ಕಿಟಕಿಯಿಂದ ಸಿದ್ದೇಶ್ವರನನ್ನು ಕರೆದೆ. "ನಿಮ್ಮಪ್ಪಗ ಕ್ಯಾನ್ಸರಿಂದು ಹೊಸ ಸೂಜಿ ಏನರ ನಡದೈತೇನ್ರಿ?"

"ಛೇ ಛೇ! ಕ್ಯಾನ್ಸರ್ ಗೀನ್ಸರ್ ಏನಿಲ್ಲ ಮೇಡಂ. ಬರೇ ಅಶಕ್ತತನ. ಟಾನಿಕ್ ಸೂಜಿ ಕೊಡಸ್ತೀವಿ."

ಅವನ ತಂಗಿ ಶ್ರದ್ಧಾಳ ಮದುವೆ ಹನ್ನೆರಡು ದಿನಕ್ಕಿದೆ ಅಂತ ಬಳಗದವರು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ರಕ್ತದ ಕ್ಯಾನ್ಸರ್ ಅಂದರೆ ಮನೆತನದ ರಕ್ತವೇ ಕೆಟ್ಟದ್ದು ಅಂತ ಬೀಗರು ಎದ್ದು ಹೋಗುತ್ತಾರೆ. ಅದಕ್ಕೇ ಇವರನ್ನು ಇಲ್ಲಿಗೆ ಕಳಿಸಿದ ಅಕ್ಕಲಕೋಟದ ಡಾಕ್ಟರಿಗೂ ಹೇಳಿರಲಿಕ್ಕಿಲ್ಲ, ಇಲ್ಲಿಯವರಿಗೂ ಹೇಳಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ.

ಅವನ ಸುಳ್ಳು ನನಗೆ ಒಳ್ಳೆಯದೇ ಆಯಿತು. 'ಹೊಂದುವ ರಕ್ತ ಸಿಕ್ಕಿಲ್ಲ' ಅಂತ ಬರೆದು ಸಹಿ ಹಾಕಿದರೆ ಸಾಕು, ಸಂಜೆಯೊಳಗೆ ಭೀಮಶಾ ಮುಗಿಯುತ್ತಿದ್ದ. ಯಾರೂ ನನ್ನತ್ತ ಬೆರಳು ತೋರಿಸುವ ಹಾಗಿರಲಿಲ್ಲ. ಪರೀಕ್ಷೆಗೆ ತೆಗೆದ ಕಣಗಳ ಮೇಲಿನ ಆ ಗುರುತನ್ನು ಅಳಿಸುವ ರಾಸಾಯನಿಕ ನನ್ನ ಫ್ರೀಜರಿನಲ್ಲಿತ್ತು. ತರಬೇತಿಯ ನಂತರ ನಾನೇ ತರಿಸಿಟ್ಟದ್ದು, ಅಲ್ಲಿದೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಒಂದೂವರೆ ತಾಸು ಫ್ರೀಜರ್ ನೋಡುತ್ತ ಸುಮ್ಮನೆ ಕೂತೆ. ಇದನ್ನು ಇವತ್ತಿನ ತನಕ ಯಾರ ಮುಂದೆಯೂ ಹೇಳಿಲ್ಲ.

ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಇಂಥ ಸುದ್ದಿಯನ್ನು ಒಬ್ಬಳೇ ಹೇಗೆ ಉಣ್ಣಲಿ? ಎಲ್ಲ ಹೇಳಿದೆ.

"ನೀ ಏನ ಮಾಡಿದಿ ಈಗ?" ಅಪ್ಪ ಕೇಳಿದ.

"ಏನೂ ಮಾಡಿಲ್ಲ. ಸುಮ್ಮ ಕುಂತೀನಿ. ಸಾಯ್ತಾನ."

"ಸಾಯಬಾರದು."

ನನಗೆ ಉರಿದುಹೋಯಿತು. "ಈಗ ನನಗ ಬುದ್ಧನ ಪಾಠ ಹೇಳಬ್ಯಾಡಪ್ಪಾ."

"ಪಾಠ ಯಾರು ಹೇಳಾಕತ್ತಾರ? ಸತ್ತರ ಅವಗೇನು ತಿಳೀತೈತಿ? ಅವ ಕಣ್ಣ ತೆರದು ನನ್ನ ನೋಡಬೇಕು. ಬದುಕಸು ಅವನ್ನ. ನಾ ಬರಾಕತ್ತೀನಿ."

ಅಪ್ಪನ ಸಿಟ್ಟು ನನ್ನದಕ್ಕಿಂತ ದೊಡ್ಡದು ಅಂತ ನನಗೆ ತಿಳಿದದ್ದು ಆಗ.

ಸಿದ್ದೇಶ್ವರನನ್ನು ಒಳಗೆ ಕರೆದು ಬಾಗಿಲು ಹಾಕಿದೆ. "ನಾ ತಡವಳದ ಸೈದಪ್ಪನ ಮಗಳು," ಅಂದೆ. ಅವನ ಮುಖ ಬಿಳಿಚಿತು. ಆ ದಿನ ಪೆಂಡಾಲಿನಲ್ಲಿ ಅವನೂ ಇದ್ದ. "ಇನ್ನೊಮ್ಮೆ ಟಾನಿಕ್ ಅಂದ್ರ ಈ ಚೀಟಿ ಹಿಂಗ ಬಿದ್ದಿರತೈತಿ, ನಿಮ್ಮಪ್ಪ ಅಲ್ಲಿ ಹಂಗ ಬಿದ್ದಿರ್ತಾನ. ಖರೇ ಹೇಳ್ರಿ."

ಅವನು ಮೊಬೈಲಿನ ಕವರ್ ಬಿಚ್ಚಿದ. ಸ್ವಾಮಿ ಸಮರ್ಥರ ಫೋಟೋದ ಹಿಂದೆ ಮಡಚಿಟ್ಟ ಒಂದು ಕಾರ್ಡು. ಪುಣೆಯಲ್ಲಿ ನಡೆಯುತ್ತಿರುವ ಹೊಸ ಪ್ರತಿಕಾಯದ ಪ್ರಯೋಗ, ರೋಗಿ ಸಂಖ್ಯೆ ಹದಿನಾಲ್ಕು. 'ರೋಗಿಗೆ ರಕ್ತ ಏರಿಸುವ ಮುನ್ನ ಈ ಕಾರ್ಡನ್ನು ರಕ್ತಭಂಡಾರಕ್ಕೆ ತೋರಿಸಿ' ಅಂತ ಮರಾಠಿಯಲ್ಲಿ ದಪ್ಪಕ್ಷರ. ಕೆಳಗಿದ್ದ ನಂಬರಿಗೆ ಫೋನ್ ಮಾಡಿದರೆ ಪ್ರಯೋಗದ ಡಾಕ್ಟರು ಸೋಮೇಶ ಸಿಕ್ಕರು. "ಔಷಧಿ ಚಲೋ ಕೆಲಸ ಮಾಡಾಕತ್ತೈತಿ ಮೇಡಂ, ರೋಗ ಅರ್ಧಕ್ಕ ಇಳದೈತಿ. ರಕ್ತ ಸಿಕ್ಕರ ಬದುಕ್ತಾರ. ಕಾರ್ಡ್ ಯಾಕ ತೋರಸಲಿಲ್ಲ ಇವ್ರು?" ಅಂತ ಅವರೇ ಗದರಿದರು.

ಫೋನಿಟ್ಟು ಸಿದ್ದೇಶ್ವರನನ್ನು ಕೇಳಿದೆ: "ಇಂಥ ಸೂಜಿ ಎದರಾಗ ಬೆಳಸ್ತಾರ ಗೊತ್ತೈತೇನ್ರಿ? ಒಂದು ಇಲಿಜಾತಿ ಪ್ರಾಣಿ, ಅದರ ಅಂಡಾಶಯದ ಕೋಶದಾಗ. ಇಲಿ ನಡೀತೈತಿ ನಿಮ್ಮ ಮನಿತನಕ್ಕ. ಸೈದಪ್ಪ ನಡಿಯೂದಿಲ್ಲ."

ಬೀಗರ ಮುಂದೆ ಕ್ಯಾನ್ಸರಿನ ವಿಷಯ ಎಲ್ಲಿ ಬಾಯಿಬಿಡುತ್ತೇನೋ ಅಂತ ಅವನು ಕೈಮುಗಿದ. ಶ್ರದ್ಧಾ ನನಗೇನೂ ಮಾಡಿರಲಿಲ್ಲ. ಕಾರ್ಡು ಒಳಗಿನ ಫೈಲಿಗೆ ಸೇರಿಸಿ ಸುಮ್ಮನಾದೆ.

ಫ್ರೀಜರಿನ ರಾಸಾಯನಿಕ ತೆಗೆದೆ. ಕೊಳೆತ ಮೊಟ್ಟೆಯ ವಾಸನೆ ಅದಕ್ಕೆ. ಕಣಗಳನ್ನು ಅದರಲ್ಲಿ ನೆನೆಸಿ, ತೊಳೆದು, ಮತ್ತೆ ಪರೀಕ್ಷೆ ಮಾಡಿದೆ. ಈ ಸಲ ಗಂಟು ಕಟ್ಟಲಿಲ್ಲ. ಬೆಳಿಗ್ಗೆ ಬೇಡವೆಂದಿದ್ದ ನಾಲ್ಕರಲ್ಲೇ ಎರಡು ಚೀಲಕ್ಕೆ ಭೀಮಶಾನ ಹೆಸರು ಬರೆದೆ.

ಅಪ್ಪ ವಾಚಮನ್ ಬಟ್ಟೆಯಲ್ಲೇ ಬಂದಿದ್ದ. ಬಂದವನೇ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಏರಿಸಿದ. "ರಕ್ತ ತಗೋ."

"ಅಪ್ಪಾ, ನಿಂದು ಬಿ, ಅವಂದು ಓ. ನಿಂದು ಏರಿಸಿದ್ರ ಸಾಯ್ತಾನ. ಅವನ ಚೀಲ ಆಗಲೇ ತಯಾರಾಗ್ಯಾವ."

"ಅದು ನಿನಗ ಗೊತ್ತು. ಅವಗ ಗೊತ್ತೈತೇನು?" ಅಪ್ಪ ನಕ್ಕ. "ಸೋಲಾಪುರದಾಗ ಬಿ ಮಂದಿಗಿ ರಕ್ತ ಬೇಕಾಗೂದಿಲ್ಲೇನು? ತಗೋ."

ಸಾವಿರಾರು ಜನರಿಗೆ ಸೂಜಿ ಚುಚ್ಚಿದ ನಾನು ಅವತ್ತು ಅಪ್ಪನ ನರವನ್ನು ಎರಡೆರಡು ಸಲ ಮುಟ್ಟಿ ನೋಡಿ ಚುಚ್ಚಿದೆ. ಚೀಲ ತುಂಬುವ ತನಕ ಅಪ್ಪ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಹತ್ತಿಯಿಟ್ಟು ಪಟ್ಟಿ ಹಚ್ಚಿದೆ. ಬಿಸ್ಕೀಟು ಪುಡಿಕೆ ಕೊಟ್ಟರೆ ತಿರುಗಿಸಿ ನನ್ನ ಕೈಗೇ ಇಟ್ಟ.

ವಾರ್ಡಿಗೆ ಭೀಮಶಾನ ಹೆಸರು ಬರೆದ ಚೀಲ ನಾನೇ ಒಯ್ದೆ. ಹೆಸರು, ಗುಂಪು ಎರಡು ಸಲ ಓದಿ ತಾಳೆ ನೋಡಿದ ಮೇಲೆ ನರ್ಸ್ ಸುವರ್ಣಾ ರಕ್ತ ಏರಿಸಿದಳು. ಹಾಸಿಗೆಯ ಮೇಲಿದ್ದವನು ಹಳೆಯ ಭೀಮಶಾನ ಅರ್ಧದಷ್ಟೂ ಇರಲಿಲ್ಲ. ನನಗೆ ಕನಿಕರ ಬರಲಿಲ್ಲ. ರಕ್ತ ಅರ್ಧ ಇಳಿದ ಮೇಲೆ ಅವನು ಕಣ್ಣು ತೆರೆದ. ಆಗ ಅಪ್ಪ ಕಾಲಿನ ಕಡೆ ಬಂದು ನಿಂತ, ತೋಳು ಏರಿಸಿಕೊಂಡೇ.

"ಗುರ್ತ ಸಿಕ್ಕತೇನ್ರಿ ಗೌಡ್ರ?"

ಭೀಮಶಾ ಅಪ್ಪನ ಮುಖ ನೋಡಿದ. ಮೊಣಕೈಯ ಹತ್ತಿ ನೋಡಿದ. ತಲೆಯ ಮೇಲೆ ತೂಗುತ್ತಿದ್ದ ಚೀಲ ನೋಡಿದ. ಮತ್ತೆ ಹತ್ತಿ ನೋಡಿದ.

"ಯಾರದು ಇದು?" ಅಂತ ನನ್ನನ್ನು ಕೇಳಿದ.

"ಕೊಟ್ಟವರ ಹೆಸರು ಹೇಳಾಕ ಕಾಯದಾ ಇಲ್ಲರಿ."

"ಇವಂದೇನು?"

"ಹೇಳಾಕ ಬರೂದಿಲ್ಲರಿ." ನಳಿಗೆಯ ಕ್ಲಿಪ್ಪಿನ ಮೇಲೆ ಬೆರಳಿಟ್ಟೆ. "ಬ್ಯಾಡಾಗಿದ್ರ ಹೇಳ್ರಿ, ಬಂದ್ ಮಾಡ್ತೀನಿ. ಕೆಳಗ ಮೋರಿ ಐತಿ, ಸುರದು ಬರ್ತೀನಿ."

ಸಿದ್ದೇಶ್ವರ ಗೋಡೆಯ ಕಡೆ ತಿರುಗಿಕೊಂಡ. ಭೀಮಶಾನ ತುಟಿ ಅಲುಗಾಡಿತು.

"ಇರಲಿ."

"ಕೇಳಸಲಿಲ್ರಿ," ಅಪ್ಪ ಅಂದ. "ಅವತ್ತ ನೀವು ಊರಿಗೆಲ್ಲ ಕೇಳುವಂಗ ಅಂದಿದ್ರಿ."

"ಇರಲಿ, ಸೈದಪ್ಪಾ!" ಅವನು ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದ. "ಇರಲೋ ಮಾರಾಯಾ, ತಗೀಬ್ಯಾಡ್ರಿ!"

ಅಕ್ಕಪಕ್ಕದ ಹಾಸಿಗೆಯವರೆಲ್ಲ ಕತ್ತೆತ್ತಿ ನೋಡಿದರು. ನನಗೆ ಹೋಳಿಗೆ ಊಟ ಉಂಡಷ್ಟು ತೃಪ್ತಿಯಾಯಿತು. ಮುಂದೆಯೂ ಅವನಿಗೆ ರಕ್ತ ಬೇಕಾಗುತ್ತದೆ, ಪ್ರತಿ ಸಲ ಯಾರದು ಅಂತ ಕೇಳುತ್ತಾನೆ, ಪ್ರತಿ ಸಲ ನಾನು ಅದೇ ಕಾಯ್ದೆ ಹೇಳುತ್ತೇನೆ.

ಕೆಳಗೆ ಮೋಟರ್‌ಸೈಕಲ್ ಹತ್ತಿರ ಅಪ್ಪ ತೋಳು ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದ. ಮೀಸೆ ತಿರುವುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಮುಖ ನೋಡದೆ ಕೇಳಿದ:

"ಕಾಂಚನಾ, ನನ್ನ ಚೀಲ ಎಲ್ಲೈತಿ?"

"ಫ್ರಿಜ್ಜಿನ್ಯಾಗ ಐತಪ್ಪಾ."

"ಯಾರೂ ಸುರಿಯೂದಿಲ್ಲಲ್ಲ?"

"ಇಲ್ಲಪ್ಪಾ," ಅಂದೆ. "ಕೀಲಿ ನನ್ನ ಕಡೆ ಐತಿ."