ಬಸ್ಸಿಗೆ ಐದು ಮಾರ್ಕು

ಹಾಲು ಕರೆಯುತ್ತಿದ್ದೆ. ಮನೆ ಮುಂದೆ ಜೀಪು ಹಾರ್ನ್ ಹೊಡೆಯಿತು. ಹಸು ಬೆದರಿ ಒದ್ದಿತು, ಅರ್ಧ ತಂಬಿಗೆ ಹಾಲು ನೆಲದ ಪಾಲು. ಇಳಿದವನು ಬಯಲುಸೀಮೆಯ ಹುಡುಗ, ಕೈಯಲ್ಲಿ ಟ್ಯಾಬ್. ಚೆಲ್ಲಿದ ಹಾಲನ್ನು ಷೂ ನೆನೆಯದಂತೆ ದಾಟಿಕೊಂಡು ಬಂದ.

"ಸೌಕರ್ಯದ ಸರ್ವೆ ಅಕ್ಕಾ. ಒಂದರಿಂದ ಐದು ಮಾರ್ಕು ಕೊಡಿ. ಕಮ್ಮಿ ಬಿದ್ದ ಊರಿಗೆ ಮೊದಲು ರಿಪೇರಿ."

ನನಗೆ ಹೇಳಬೇಕಾಗಿದ್ದದ್ದು ಒಂದೇ. ಬೆಳಗಿನ ಬಸ್ಸು ನಿಂತು ನಾಲ್ಕು ತಿಂಗಳು. ಒಂಬತ್ತು ವರ್ಷದ ನನ್ನ ಪದ್ಮಶ್ರೀ ಆನೆ ದಾಟುವ ದಾರಿಯಲ್ಲಿ ಮೂರು ಕಿಲೋಮೀಟರ್ ನಡೆದು ಶಾಲೆಗೆ ಹೋಗುತ್ತಾಳೆ.

ಆದರೆ ಹುಡುಗ ಜಗಲಿಯ ಮೇಲಿದ್ದ ಅತ್ತೆಯ ಪಕ್ಕ ಕೂತ. ಅತ್ತೆ ವಿಶಾಲಾಕ್ಷಮ್ಮನದು ಸೇರಿನ ಮೇಲೆ ಗೋಪುರ ಏಳುವಂತೆ ರಾಗಿ ಅಳೆದುಕೊಡುವ ಕೈ. ಬಾಗಿಲಿಗೆ ಬಂದವರಿಗೆ ಕಮ್ಮಿ ಅಳೆದರೆ ಮನೆಗೇ ಕುಂದು ಎಂಬುದು ಈ ಊರಿನ ಹಳೆಯ ನಡತೆ.

"ಪಾರ್ಕಿಗೆ ಎಷ್ಟು, ಅಜ್ಜಿ?"

"ಪಾರ್ಕು ಅಂದ್ರೇನ್ಲಾ ಮಗಾ?"

"ವಾಕಿಂಗ್ ಹೋಗೋ ಜಾಗ. ಮರ ಇರುತ್ತೆ."

"ಓ, ಕಾಡಾ! ಐದು ಆಕ್ಕೊ."

ಅವನು ನಗಲೂ ಇಲ್ಲ, ಟ್ಯಾಬಿನಲ್ಲಿ ಐದು ಒತ್ತಿದ. ಸೊಸೈಟಿ ಟೀ ಪುಡಿಯ ನಮ್ಮ ಟೀಯನ್ನು ಮೂಸಿ ನೋಡಿ ಕುಡಿದ.

ಪದ್ಮಶ್ರೀ ನನ್ನ ಸೆರಗು ಎಳೆದಳು. "ಅವ್ವಾ, ನಾನೊಂದ್ ಕೇಳ್ಲಾ?"

"ಸುಮ್ನಿರು ಕಂದ. ದೊಡ್ಡೋರು ಮಾತಾಡ್ತಾವ್ರೆ."

"ಬಸ್ಸಿಗೆ?" ಹುಡುಗ ಅತ್ತೆಯನ್ನು ಕೇಳಿದ.

"ಅದ್ಕೂ ಐದೇ ಆಕ್ಕೊ. ಪಾಪ, ಅಷ್ಟು ದೂರದಿಂದ ಬಂದಿದ್ದೀಯ."

"ಅತ್ತೆ, ಬಸ್ಸೇ ಬತ್ತಿಲ್ವಲ್ಲಾ!" ಎಂದೆ.

"ಅಜ್ಜಿ ಹೇಳಿಯಾಯ್ತು ಅಕ್ಕಾ. ಒತ್ತಿದ್ದು ಹಿಂದಕ್ಕೆ ಬರಲ್ಲ," ಎಂದ ಹುಡುಗ.

"ಇಲ್ದೇ ಇರೋ ಬಸ್ಸಿಗೆ ಏನ್ ಮಾರ್ಕಪ್ಪಾ?"

"ಬಸ್ ಇಲ್ಲ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ. ಒಂದರಿಂದ ಐದು, ಅಷ್ಟೇ." ಎದ್ದು ಪ್ಯಾಂಟು ಕೊಡವಿಕೊಂಡ. "ನಿಮ್ಮೂರಿಗೆ ತುಂಬ ತೃಪ್ತಿ ಅಕ್ಕಾ. ಎಲ್ಲ ಮನೇಲೂ ಐದೇ."

ಎಲ್ಲ ಮನೆಯಲ್ಲೂ ಟೀ ಕೊಟ್ಟಿದ್ದಾರೆ, ಎಲ್ಲ ಮನೆಯಲ್ಲೂ ಸೇರಿನ ಮೇಲೆ ಗೋಪುರ. ಬುದ್ಧಿಯಿದ್ದದ್ದು ಹಸುವೊಂದಕ್ಕೇ, ಸದ್ದು ಕೇಳಿದ ಕೂಡಲೇ ಒದ್ದಿತು. ನಾನೋ, ಅವನ ಲೋಟ ಹಿಡಿದು ನಿಂತಿದ್ದೇನೆ.

ಪದ್ಮಶ್ರೀ ಆಗಲೇ ಚೀಲ ಬೆನ್ನಿಗೇರಿಸಿಕೊಂಡಿದ್ದಳು. ಸೆರಗು ಮತ್ತೆ ಜಗ್ಗಿತು. ಈ ಸಲ ನಾನು ತಡೆಯಲಿಲ್ಲ.

"ಕೇಳು ಕಂದ."

ಜೀಪು ಹತ್ತುತ್ತಿದ್ದವನ ಎದುರಿಗೆ ಹೋಗಿ ನಿಂತಳು.

"ಇಸ್ಕೂಲ್ಗೆ ಒತ್ತಾಯ್ತು ಅಣ್ಣಾ. ಅಜ್ಜಿ ಐದು ಕೊಡ್ತಲ್ಲಾ, ಆ ಬಸ್ಸು ಎಲ್ಲದೆ?"